ಯಂತ್ರಕ್ಕೆ ಕಿವಿಯಿಲ್ಲ, ಎಚ್ಚರ ನಮ್ಮದೇ

ನಮ್ಮ ಹಿರಿಯರು ಗದ್ದೆ ಉಳುತ್ತಿದ್ದ ಕಾಲದಲ್ಲಿ ನೊಗಕ್ಕೆ ಕಟ್ಟಿದ ಕೋಣಗಳಿಗೆ ಕಿವಿಯಿತ್ತು. ಉಳುವವನು ಕೆಸರಿನಲ್ಲಿ ಜಾರಿಬಿದ್ದು 'ಹೋ' ಎಂದು ಕೂಗಿದರೆ ಅವು ನಿಲ್ಲುತ್ತಿದ್ದವು. ಕೂಗಲು ಉಸಿರಿಲ್ಲದಿದ್ದರೂ ನೇಗಿಲಿನ ಹಿಡಿತ ತಪ್ಪಿದುದನ್ನು ಅರಿತು ತಾವಾಗಿಯೇ ಹೆಜ್ಜೆ ತಡೆಯುತ್ತಿದ್ದವು. ಅದೇ ಬೈಲು ಮಜಲುಗಳಲ್ಲಿ ಈಗ ಟಿಲ್ಲರ್ ಹಾಗೂ ಟ್ರ್ಯಾಕ್ಟರ್‌ಗಳ ಸದ್ದು ಕೇಳಿಸುತ್ತದೆ. ಅವುಗಳಿಗೆ ದಣಿವಿಲ್ಲ, ಹಸಿವಿಲ್ಲ. ಆದರೆ ಅವುಗಳಿಗೆ ಕಿವಿಯೂ ಇಲ್ಲ. ಯಜಮಾನನು ಕೂಗಿದರೂ ನಿಲ್ಲದ ಈ ಹೊಸ ಜೋಡಿಯೊಡನೆ ಬಾಳುವ ಬಗೆಯನ್ನು ನಾವು ಇನ್ನೂ ಸರಿಯಾಗಿ ಕಲಿತಿಲ್ಲ ಎಂದರೆ ತಪ್ಪಾಗಲಾರದು.

ಯಂತ್ರಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಮಕ್ಕಳು ಮುಂಬಯಿಗೂ ಕೊಲ್ಲಿ ರಾಷ್ಟ್ರಗಳಿಗೂ ಹೋದ ಮೇಲೆ, ಕೂಲಿಯಾಳುಗಳು ದೊರೆಯದಂತಾದ ಮೇಲೆ, ನಮ್ಮ ಎಷ್ಟೋ ಮನೆಗಳ ಗದ್ದೆಗಳು ಹಡಿಲು ಬೀಳದೆ ಉಳಿದುದು ಯಂತ್ರಗಳಿಂದಲೇ. ಬೆಂಗಳೂರಿನಲ್ಲಿ 1967ರಲ್ಲಿ ಸ್ಥಾಪನೆಗೊಂಡ ವಿ.ಎಸ್.ಟಿ. ಕಂಪೆನಿಯು ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ತಯಾರಿಸಿದ ಪವರ್ ಟಿಲ್ಲರ್‌ಗಳು ಕರ್ನಾಟಕದ ಸಣ್ಣ ಗದ್ದೆಗಳನ್ನು ಪ್ರವೇಶಿಸಿ ಅರ್ಧ ಶತಮಾನವೇ ಕಳೆದಿದೆ. ಸ್ವಂತ ಯಂತ್ರ ಕೊಳ್ಳಲಾಗದ ರೈತರು ಸರಕಾರದ ಕೃಷಿ ಯಂತ್ರಧಾರೆ ಕೇಂದ್ರಗಳಿಂದ ಅವನ್ನು ಬಾಡಿಗೆಗೆ ತರುತ್ತಾರೆ. ಇದೆಲ್ಲವೂ ಸಂತೋಷದ ಸಂಗತಿಯೇ. ಆದರೆ ಗಣಿ ಹಾಗೂ ಕಟ್ಟಡ ನಿರ್ಮಾಣಗಳೊಡನೆ ಕೃಷಿಯೂ ಜಗತ್ತಿನ ಮೂರು ಅತ್ಯಂತ ಅಪಾಯಕಾರಿ ವೃತ್ತಿಗಳಲ್ಲೊಂದು ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಪರಿಗಣಿಸಿದೆ ಎಂಬುದನ್ನು ನಮ್ಮಲ್ಲಿ ಬಲ್ಲವರು ವಿರಳ.

ನಾವು ಬಲ್ಲ ಒಂದು ಮನೆಯ ಸಂಗತಿ. ಹಟ್ಟಿಯ ಬದಿಯಲ್ಲಿ ವಿದ್ಯುತ್ ಮೋಟಾರಿನಿಂದ ಓಡುವ ಮೇವು ಕತ್ತರಿಸುವ ಯಂತ್ರವಿತ್ತು. ಒಂದು ಸಂಜೆ ಗೃಹಿಣಿಯು ಹುಲ್ಲು ತುರುಕುತ್ತಿದ್ದಾಗ ವಿದ್ಯುತ್ತು ಹೋಯಿತು. ಯಂತ್ರ ನಿಂತಿತು. ಬಿಡುವು ದೊರೆಯಿತಲ್ಲ ಎಂದು ಆಕೆ ಸಿಕ್ಕಿಕೊಂಡ ಹುಲ್ಲನ್ನು ಎಳೆದು ತೆಗೆಯಲು ಕೈ ಹಾಕಿದರು. ಸ್ವಿಚ್ಚು ಆರಿಸಿರಲಿಲ್ಲ. ಅದೇ ಕ್ಷಣ ವಿದ್ಯುತ್ತು ಮರಳಿ ಬಂತು. ಬಲಗೈಯ ಮೂರು ಬೆರಳುಗಳು ಹೋದವು. ನೋಡಲು ಹೋದ ನಮಗೆ ಮನೆಯವರು ಹೇಳಿದ್ದು ಒಂದೇ ಮಾತು: "ಏನು ಮಾಡುವುದು, ವಿಧಿ." ಹಿಂದಿರುಗುವಾಗ ನಾವು ಹಟ್ಟಿಯತ್ತ ಕಣ್ಣು ಹಾಯಿಸಿದೆವು. ಯಂತ್ರದ ಬಾಯಿಯ ಮೇಲೆ ಇರಬೇಕಾಗಿದ್ದ ತಗಡಿನ ಮುಚ್ಚಳವು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಅದಿದ್ದರೆ ಹುಲ್ಲು ಬೇಗ ಹೋಗುವುದಿಲ್ಲವೆಂದು ಯಂತ್ರ ತಂದ ವಾರದಲ್ಲಿಯೇ ಬಿಚ್ಚಿ ಇಟ್ಟಿದ್ದರಂತೆ.

ಆ ಮನೆಯವರನ್ನು ದೂರಲು ನಾವಿದನ್ನು ಬರೆಯುತ್ತಿಲ್ಲ. ನಮ್ಮೆಲ್ಲರ ಮನೆಗಳ ಗೋಡೆಯಲ್ಲಿಯೂ ಇಂತಹ ಒಂದು ಮೊಳೆಯಿದೆ. ಹೊಲದ ಯಂತ್ರಗಳಿಂದಾಗುವ ಅನಾಹುತಗಳು ಎಲ್ಲಿಂದಲೋ ಎರಗುವ ಸಿಡಿಲಿನಂತಹವಲ್ಲ. ಅವು ಕೆಲವೇ ಕೆಲವು ಬಗೆಗಳಲ್ಲಿ, ಮತ್ತೆ ಮತ್ತೆ ಅದೇ ರೀತಿಯಲ್ಲಿ ನಡೆಯುತ್ತವೆ. ಹಾಗಿರುವುದರಿಂದ ಅವುಗಳನ್ನು ತಿಳಿದುಕೊಳ್ಳುವುದೂ ತಡೆಯುವುದೂ ಸಾಧ್ಯ.

ಸೆಕೆಂಡಿಗೆ ಒಂಬತ್ತು ಸುತ್ತು

ಟ್ರ್ಯಾಕ್ಟರಿನ ಹಿಂಬದಿಯಲ್ಲಿ ಇತರ ಯಂತ್ರಗಳಿಗೆ ಶಕ್ತಿಯನ್ನು ಒದಗಿಸುವ ಒಂದು ದಂಡವಿದೆ. ಇದನ್ನು ರೈತರು ಪಿ.ಟಿ.ಒ. ಎಂದೇ ಕರೆಯುತ್ತಾರೆ. ಒಕ್ಕಣೆ ಯಂತ್ರವಿರಲಿ, ರೋಟವೇಟರ್ ಇರಲಿ, ಈ ದಂಡಕ್ಕೆ ಜೋಡಿಸಿದ ಶಾಫ್ಟಿನಿಂದಲೇ ಓಡುತ್ತದೆ. ಅದರ ಸಾಮಾನ್ಯ ವೇಗವು ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಏಳೂವರೆ ಸೆಂಟಿಮೀಟರ್ ದಪ್ಪದ ಶಾಫ್ಟು ಈ ವೇಗದಲ್ಲಿ ತಿರುಗಿದಾಗ, ಅದಕ್ಕೆ ಸಿಕ್ಕಿದ ಬಟ್ಟೆಯು ಒಂದು ಸೆಕೆಂಡಿನಲ್ಲಿ ಎರಡು ಮೀಟರಿನಷ್ಟು ಸುತ್ತಿಕೊಳ್ಳುತ್ತದೆ. ಉಟ್ಟ ಲುಂಗಿಯ ಉದ್ದವೇ ಅಷ್ಟು. ಅಪಾಯವನ್ನು ಕಂಡು ಮೆದುಳು ಕೈಕಾಲುಗಳಿಗೆ ಆಜ್ಞೆ ಕೊಡಲು ಮುಕ್ಕಾಲು ಸೆಕೆಂಡಾದರೂ ಬೇಕು. 'ಸಿಕ್ಕಿದರೆ ಎಳೆದುಕೊಂಡರಾಯಿತು' ಎಂಬ ಧೈರ್ಯಕ್ಕೆ ಇಲ್ಲಿ ಅವಕಾಶವೇ ಇಲ್ಲ.

ಆದುದರಿಂದ ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚವು ಒಡೆದಿದ್ದರೆ ಅದನ್ನು ಬದಲಿಸುವವರೆಗೆ ಯಂತ್ರವನ್ನು ಓಡಿಸಬಾರದು. ತಿರುಗುತ್ತಿರುವ ಶಾಫ್ಟನ್ನು ಯಾರೂ ದಾಟಬಾರದು; ಹತ್ತು ಹೆಜ್ಜೆ ಹೆಚ್ಚಾದರೂ ಸುತ್ತಿಕೊಂಡು ಹೋಗಬೇಕು. ಯಂತ್ರದ ಬಳಿ ಕೆಲಸ ಮಾಡುವವರು ಸಡಿಲವಾದ ಉಡುಪನ್ನು ತೊಡಬಾರದು. ಹೆಗಲ ಬೈರಾಸು, ಸೀರೆಯ ಸೆರಗು, ದುಪ್ಪಟ್ಟಾ, ಇಳಿಬಿಟ್ಟ ಜಡೆ, ಕೊರಳ ಸರ ಇವುಗಳಲ್ಲಿ ಯಾವುದೊಂದು ಸಿಕ್ಕಿಕೊಂಡರೂ ಸಾಕು. ಒಕ್ಕಣೆಯ ದಿನ ಹೆಂಗಸರು ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು, ಸೆರಗನ್ನು ಒಳಗೆ ಸಿಕ್ಕಿಸಿ, ತಲೆಗೂದಲನ್ನು ಕಟ್ಟಿಕೊಳ್ಳುವ ಪದ್ಧತಿ ನಮ್ಮಲ್ಲಿ ಕೆಲವೆಡೆ ಇದೆ. ಇದನ್ನು ಕಂಡು ನಗುವ ಬದಲು ಎಲ್ಲೆಡೆಯೂ ಅನುಸರಿಸುವುದು ಲೇಸು.

ಟ್ರ್ಯಾಕ್ಟರ್ ಮಗುಚುವುದು ಹೇಗೆ

ಇಷ್ಟು ಭಾರದ ವಾಹನವು ಹಿಂದಕ್ಕೆ ಮಗುಚುವುದೆಂದರೆ ನಂಬಲು ಕಷ್ಟ. ಆದರೆ ಅದರ ಭಾರದ ಬಹುಪಾಲು ಹಿಂದಿನ ಅಚ್ಚಿನ ಮೇಲಿರುತ್ತದೆ. ಹಿಂದಿನ ಚಕ್ರಗಳು ಕೆಸರಿನಲ್ಲಿ ಹೂತು ತಿರುಗಲಾರದಂತಾದಾಗ, ಚಾಲಕನು ಇನ್ನಷ್ಟು ವೇಗ ಕೊಟ್ಟರೆ, ಎಂಜಿನಿನ ಶಕ್ತಿಯು ಚಕ್ರವನ್ನು ತಿರುಗಿಸುವ ಬದಲು ಟ್ರ್ಯಾಕ್ಟರಿನ ಮೈಯನ್ನೇ ಅಚ್ಚಿನ ಸುತ್ತ ಮೇಲಕ್ಕೆತ್ತುತ್ತದೆ. ಮುಂದಿನ ಚಕ್ರಗಳು ನೆಲ ಬಿಟ್ಟ ಮೇಲೆ ಮುಕ್ಕಾಲು ಸೆಕೆಂಡು ಕಳೆಯುವಷ್ಟರಲ್ಲಿ ಅದು ಮರಳಿ ಬಾರದ ಹಂತವನ್ನು ತಲುಪುತ್ತದೆ. ಚಕ್ರಕ್ಕೆ ಹಿಡಿತ ಸಿಗಲೆಂದು ಮರದ ತುಂಡನ್ನು ಕಟ್ಟಿ ಮುಂದಕ್ಕೆ ಓಡಿಸುವ ವಾಡಿಕೆಯು ಈ ಕಾರಣದಿಂದಲೇ ಮರಣಾಂತಕವಾಗಿದೆ. ಹೂತ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ತೆಗೆಯಲು ಯತ್ನಿಸಬೇಕು. ಆಗದಿದ್ದರೆ ಇನ್ನೊಂದು ಟ್ರ್ಯಾಕ್ಟರನ್ನು ಕರೆಸಬೇಕು. ಎತ್ತರದ ಬದುವನ್ನು ಏರಿಸುವಾಗಲೂ ಹಿಮ್ಮುಖವಾಗಿಯೇ ಏರಿಸುವುದು ಕ್ಷೇಮ. ಏನನ್ನಾದರೂ ಎಳೆಯಬೇಕಾದರೆ ಸರಪಣಿಯನ್ನು ಕೆಳಗಿನ ಡ್ರಾಬಾರಿಗೆ ಮಾತ್ರ ಕಟ್ಟಬೇಕು. ಅದಕ್ಕಿಂತ ಮೇಲೆ ಎಲ್ಲಿ ಕಟ್ಟಿದರೂ ಟ್ರ್ಯಾಕ್ಟರ್ ತನ್ನನ್ನು ತಾನೇ ಹಿಂದಕ್ಕೆ ಎಳೆದುಕೊಳ್ಳುತ್ತದೆ.

ಪಕ್ಕಕ್ಕೆ ಮಗುಚುವುದಕ್ಕೆ ಬೇರೊಂದು ಕಾರಣವೂ ಇದೆ. ಗದ್ದೆಯಲ್ಲಿ ತಿರುಗಲು ಅನುಕೂಲವಾಗಲೆಂದು ಟ್ರ್ಯಾಕ್ಟರಿಗೆ ಎಡಬಲ ಚಕ್ರಗಳಿಗೆ ಬೇರೆ ಬೇರೆ ಬ್ರೇಕುಗಳಿವೆ. ರಸ್ತೆಗೆ ಬಂದಾಗ ಅವೆರಡನ್ನೂ ಕೊಂಡಿಯಿಂದ ಸೇರಿಸಬೇಕು. ಸೇರಿಸಲು ಮರೆತು ವೇಗದಲ್ಲಿ ಒಂದನ್ನೇ ತುಳಿದರೆ ವಾಹನವು ಅಡ್ಡ ತಿರುಗಿ ಬೀಳುತ್ತದೆ. ತುಂಬಿದ ಟ್ರಾಲಿ ಹಿಂದಿದ್ದರಂತೂ ಹೇಳುವುದೇ ಬೇಡ.

ಇಲ್ಲಿ ಸ್ವೀಡನ್ ದೇಶದ ಅನುಭವವನ್ನು ಸ್ಮರಿಸುವುದು ಉಚಿತ. ಹೊಸ ಟ್ರ್ಯಾಕ್ಟರುಗಳೆಲ್ಲವಕ್ಕೂ ಚಾಲಕನನ್ನು ರಕ್ಷಿಸುವ ಉಕ್ಕಿನ ಚೌಕಟ್ಟು ಇರಲೇಬೇಕೆಂದು ಅಲ್ಲಿ 1959ರಲ್ಲಿ ಕಾನೂನು ಮಾಡಲಾಯಿತು. ಟ್ರ್ಯಾಕ್ಟರುಗಳು ಅಲ್ಲಿ ಆಮೇಲೆಯೂ ಮಗುಚಿದವು. ಆದರೆ ಅವುಗಳಡಿ ಸಿಕ್ಕಿ ಸಾಯುವವರ ಸಂಖ್ಯೆಯು ವರ್ಷದಿಂದ ವರ್ಷಕ್ಕೆ ಇಳಿದು, ಕೆಲವು ದಶಕಗಳಲ್ಲಿ ಅತ್ಯಂತ ಕಡಿಮೆಯಾಯಿತು. ಅಮೆರಿಕದಲ್ಲಿ ತಯಾರಕರು 1985ರಿಂದ 20 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಇಂತಹ ಚೌಕಟ್ಟನ್ನು ತಾವಾಗಿಯೇ ಅಳವಡಿಸತೊಡಗಿದರು. ನಮ್ಮಲ್ಲಿ ಓಡುತ್ತಿರುವ ಎಷ್ಟೋ ಹಳೆಯ ಟ್ರ್ಯಾಕ್ಟರುಗಳಲ್ಲಿ ಇದಿಲ್ಲ. ಹೊಸತನ್ನು ಕೊಳ್ಳುವವರು ಬಣ್ಣವನ್ನೂ ಮೈಲೇಜನ್ನೂ ವಿಚಾರಿಸುವಾಗ ಇದನ್ನೂ ವಿಚಾರಿಸಲಿ. ಚೌಕಟ್ಟಿರುವ ಟ್ರ್ಯಾಕ್ಟರಿನಲ್ಲಿ ಸೀಟ್ ಬೆಲ್ಟ್ ಕಟ್ಟಿಕೊಳ್ಳಲೇಬೇಕು. ಚೌಕಟ್ಟಿಲ್ಲದಿದ್ದರೆ ಕಟ್ಟಿಕೊಳ್ಳಬಾರದು ಎಂಬುದೂ ನೆನಪಿನಲ್ಲಿರಲಿ.

ಇಳಿಜಾರಿನಲ್ಲಿ ತಿರುಗುಮುರುಗು

ಕರಾವಳಿ ಹಾಗೂ ಮಲೆನಾಡಿನ ಮೆಟ್ಟಿಲು ಮೆಟ್ಟಿಲಾದ ಗದ್ದೆಗಳಿಗೆ ಪವರ್ ಟಿಲ್ಲರ್ ಹೇಳಿ ಮಾಡಿಸಿದಂತಹ ಯಂತ್ರ. ಆದರೆ ಅದರ ಒಂದು ಗುಣವನ್ನು ಬಲ್ಲದವರು ಅದನ್ನು ಗುಡ್ಡದ ದಾರಿಯಲ್ಲಿ ಇಳಿಸಬಾರದು. ಸಮತಟ್ಟಿನ ನೆಲದಲ್ಲಿ ಎಡಗೈಯ ಸ್ಟಿಯರಿಂಗ್ ಕ್ಲಚ್ ಒತ್ತಿದರೆ ಎಡಚಕ್ರಕ್ಕೆ ಶಕ್ತಿ ತಪ್ಪಿ ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಎಂಜಿನು ಚಕ್ರಗಳನ್ನು ಓಡಿಸುವುದಿಲ್ಲ, ತಡೆದು ಹಿಡಿಯುತ್ತದೆ. ಆಗ ಎಡ ಕ್ಲಚ್ ಒತ್ತಿದರೆ ಎಡಚಕ್ರವು ತಡೆ ಕಳೆದುಕೊಂಡು ಮುಂದೋಡುತ್ತದೆ. ಟಿಲ್ಲರ್ ಬಲಕ್ಕೆ ತಿರುಗುತ್ತದೆ! ಎಡಕ್ಕೆ ತಿರುಗಲೆಂದು ಒತ್ತಿದವನು ಬಲಬದಿಯ ಕಂದಕಕ್ಕೆ ಬೀಳುವುದು ಹೀಗೆ. ಇಳಿಯುವ ಮೊದಲೇ ಮೇಲ್ಗಡೆಯಲ್ಲಿ ಕೆಳಗಿನ ಗೇರಿಗೆ ಹಾಕಿ, ನಿಧಾನವಾಗಿ, ಕ್ಲಚ್ ಮುಟ್ಟದೆ ಹಿಡಿಯ ಬಲದಿಂದಲೇ ತಿರುಗಿಸಬೇಕು. ನ್ಯೂಟ್ರಲಿನಲ್ಲಿ ಇಳಿಸುವುದಂತೂ ಸಲ್ಲದು.

ಹಿಮ್ಮುಖ ಚಲನೆಯೂ ಅಷ್ಟೇ ಅಪಾಯಕಾರಿ. ಹಿಂದಕ್ಕೆ ಬರುವ ಟಿಲ್ಲರಿಗೂ ಹಿಂದಿರುವ ತೆಂಗಿನ ಮರಕ್ಕೂ ನಡುವೆ ಸಿಕ್ಕಿದ ಚಾಲಕನಿಗೆ ಓಡಲು ಜಾಗವಿರುವುದಿಲ್ಲ. ಹಿಂದೆ ಸರಿಯುವ ಮುನ್ನ ರೋಟರಿಯ ಅಲಗುಗಳನ್ನು ನಿಲ್ಲಿಸಿ, ಒಮ್ಮೆ ತಿರುಗಿ ನೋಡಬೇಕು.

ಯಂತ್ರದ ಬಾಯಿಗೆ ಕೈಯೊಡ್ಡುವವರು

ಒಕ್ಕಣೆ ಯಂತ್ರಗಳು ದೇಶದ ಉತ್ತರ ಭಾಗದಲ್ಲಿ ಹರಡಿದಂತೆ ಕೈ ಕಳೆದುಕೊಂಡ ಕೂಲಿಕಾರರ ಸಂಖ್ಯೆಯೂ ಬೆಳೆಯಿತು. ಕಳವಳಗೊಂಡ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ಅಂಗೀಕರಿಸಿತು. ಇಂತಹ ಯಂತ್ರಗಳ ತಯಾರಿಕೆ, ಮಾರಾಟ ಹಾಗೂ ಬಳಕೆಯನ್ನು ನಿಯಂತ್ರಿಸುವುದೂ, ಅವುಗಳಲ್ಲಿ ದುಡಿಯುವವರಿಗೆ ಸಾವು ಅಥವಾ ಗಾಯ ಸಂಭವಿಸಿದರೆ ಪರಿಹಾರ ಒದಗಿಸುವುದೂ ಅದರ ಉದ್ದೇಶ. ಪೈರನ್ನು ಯಂತ್ರದ ಬಾಯಿಗೆ ಒಡ್ಡುವ ತೊಟ್ಟಿಯು ಎಷ್ಟು ಉದ್ದವಿರಬೇಕೆಂಬುದಕ್ಕೆ ಭಾರತೀಯ ಮಾನಕವೂ ಇದೆ. ಕನಿಷ್ಠ 90 ಸೆಂಟಿಮೀಟರ್ ಉದ್ದ, ಅದರಲ್ಲಿ 45 ಸೆಂಟಿಮೀಟರ್ ಮೇಲೆ ಮುಚ್ಚಿರಬೇಕು. ಕಾರಣ ಸರಳ. ಮನುಷ್ಯನ ಕೈ ಅಷ್ಟು ದೂರದವರೆಗೆ ಸುಲಭವಾಗಿ ಚಾಚಲಾರದು. ಮುಚ್ಚಳವನ್ನು ಬಿಚ್ಚುವುದೆಂದರೆ ಅಳೆದು ಇಟ್ಟ ಆ ಅಂತರವನ್ನು ನಾವೇ ಕಿತ್ತೆಸೆದಂತೆ.

ಇಲ್ಲಿ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಮುಚ್ಚಳವನ್ನು ಬಿಚ್ಚಲು ಅಪ್ಪಣೆ ಕೊಡುವವನು ಯಜಮಾನ. ಕೈಯೊಡ್ಡುವವರು ಬಹುತೇಕ ಕೂಲಿಗೆ ಬಂದ ಹೆಣ್ಣುಮಗಳೋ ಹೊರಜಿಲ್ಲೆಯ ಹುಡುಗನೋ ಆಗಿರುತ್ತಾರೆ. ಅವರ ಬೆರಳುಗಳ ಮೇಲೆಯೇ ಅವರ ಮನೆಯ ಅನ್ನ ನಿಂತಿದೆ. ಯಂತ್ರವನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತಂದ ದಿನ 'ಬೇಗ, ಬೇಗ' ಎಂದು ಅವಸರಿಸುವವರೂ ನಾವೇ. ಹುಲ್ಲು ಸಿಕ್ಕಿಕೊಂಡಾಗ ಎಂಜಿನು ನಿಲ್ಲಿಸದೆ ಕೈ ಹಾಕುವುದು ಆ ಅವಸರದ ಫಲ. ಎಂಜಿನನ್ನು ನಿಲ್ಲಿಸಿ ಮತ್ತೆ ಆರಂಭಿಸಲು ಎಷ್ಟು ಹೊತ್ತು ಬೇಕು? ಒಂದು ನಿಮಿಷವೆಂದೇ ಇಟ್ಟುಕೊಳ್ಳೋಣ. ದಿನದಲ್ಲಿ ಹತ್ತು ಬಾರಿ ನಿಲ್ಲಿಸಿದರೂ ನಷ್ಟವಾಗುವುದು ಹತ್ತು ನಿಮಿಷ. ಆ ಹತ್ತು ನಿಮಿಷದ ಬಾಡಿಗೆಯನ್ನು ಉಳಿಸಲು ನಾವು ಇನ್ನೊಬ್ಬರ ಕೈಯನ್ನು ಪಣವಾಗಿ ಇಡುತ್ತಿದ್ದೇವೆಯೇ ಎಂದು ಪ್ರತಿಯೊಬ್ಬ ಯಜಮಾನನೂ ಕೇಳಿಕೊಳ್ಳಲಿ.

ವಿದ್ಯುತ್ ಮೋಟಾರಿನ ಯಂತ್ರಗಳ ವಿಷಯದಲ್ಲಿ ನಿಯಮ ಇನ್ನೂ ಕಟ್ಟುನಿಟ್ಟಾಗಿರಬೇಕು. ವಿದ್ಯುತ್ತು ಹೋಗಿ ನಿಂತ ಯಂತ್ರವು ನಿಂತ ಯಂತ್ರವಲ್ಲ, ಕಾಯುತ್ತಿರುವ ಯಂತ್ರ. ದೀಪ ಆರಿದೊಡನೆ ಮೊದಲು ಸ್ವಿಚ್ಚು ಆರಿಸಿ ಆಮೇಲೆ ಉಳಿದ ಮಾತು. ಮುಟ್ಟುವ ಮೊದಲು ಪ್ಲಗ್ಗನ್ನು ಕಿತ್ತರೆ ಇನ್ನೂ ಒಳ್ಳೆಯದು.

ತೋಟದಲ್ಲಿ ಒಬ್ಬಂಟಿ

ಅಡಿಕೆ ತೋಟದ ಹುಲ್ಲನ್ನು ಕತ್ತರಿಸಲು ಹೆಗಲಿಗೆ ತೂಗುಹಾಕುವ ಯಂತ್ರವು ಈಗ ಹಲವು ಮನೆಗಳಲ್ಲಿದೆ. ಅದರ ಅಲಗು ಕಲ್ಲಿಗೆ ತಗಲಿದರೆ ಕಲ್ಲು ಗುಂಡಿನಂತೆ ಸಿಡಿಯುತ್ತದೆ. ಆದುದರಿಂದ ಅದು ಓಡುತ್ತಿರುವಾಗ ಸುತ್ತ 15 ಮೀಟರ್ ದೂರದೊಳಗೆ ಮತ್ತಾರೂ ಇರಬಾರದು. ಕಣ್ಣಿಗೆ ಕನ್ನಡಕ ಅಥವಾ ಮುಖದ ಜಾಲರಿ, ಕಾಲಿಗೆ ಗಟ್ಟಿಯಾದ ಬೂಟು ಇವಿಲ್ಲದೆ, ರಬ್ಬರ್ ಚಪ್ಪಲಿಯಲ್ಲಿ ಅದನ್ನು ಹಿಡಿಯಬಾರದು.

ಮಕ್ಕಳು ಪರದೇಶದಲ್ಲಿದ್ದು, ಅರುವತ್ತು ದಾಟಿದ ತಂದೆಯೊಬ್ಬರೇ ತೋಟದಲ್ಲಿ ಯಂತ್ರ ಓಡಿಸುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಅಂತಹವರು ತೋಟಕ್ಕೆ ಹೋಗುವಾಗ ಎಲ್ಲಿರುತ್ತೇನೆ, ಎಷ್ಟು ಹೊತ್ತಿಗೆ ಮರಳುತ್ತೇನೆ ಎಂದು ಮನೆಯಲ್ಲಿ ಹೇಳಿ ಹೋಗಲಿ. ಮೊಬೈಲನ್ನು ಮರದ ಕೊಂಬೆಯಲ್ಲಿ ತೂಗುಹಾಕದೆ ಕಿಸೆಯಲ್ಲಿಟ್ಟುಕೊಳ್ಳಲಿ. ಪರದೇಶದ ಮಕ್ಕಳು ತಂದೆಗೆ ಯಂತ್ರ ಕೊಳ್ಳಲು ಹಣ ಕಳುಹಿಸುವಾಗ ಬೂಟಿಗೂ ಕನ್ನಡಕಕ್ಕೂ ಸೇರಿಸಿ ಕಳುಹಿಸಲಿ.

ಮಡ್‌ಗಾರ್ಡಿನ ಮೇಲಿನ ಮಗು

ಮನೆಗೆ ಹೊಸ ಟ್ರ್ಯಾಕ್ಟರ್ ಬಂದ ದಿನ ಅದಕ್ಕೆ ಹೂಮಾಲೆ ಹಾಕಿ, ಗುರುಗಳಿಂದ ಆಶೀರ್ವಾದ ಮಾಡಿಸಿ, ನೆರೆಯವರಿಗೆ ಸಿಹಿ ಹಂಚುತ್ತೇವೆ. ಆಮೇಲೆ ಮಗುವನ್ನು ಮಡ್‌ಗಾರ್ಡಿನ ಮೇಲೆ ಕೂರಿಸಿ ಒಂದು ಸುತ್ತು ಹೋಗುತ್ತೇವೆ. ಪ್ರೀತಿಯಿಂದ ಮಾಡುವ ಈ ಕೆಲಸವೇ ಅತ್ಯಂತ ಕ್ರೂರವಾದುದು. ಟ್ರ್ಯಾಕ್ಟರ್ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿದ್ದರೂ ಒಂದು ಸೆಕೆಂಡಿನಲ್ಲಿ ನಾಲ್ಕು ಮೀಟರ್ ದಾಟುತ್ತದೆ. ಒಂದು ಹೊಂಡಕ್ಕೆ ಚಕ್ರವಿಳಿದು ಮಗು ಜಾರಿದರೆ ಬೀಳುವುದು ಹಿಂದಿನ ದೊಡ್ಡ ಚಕ್ರದ ಬದಿಗೇ. ತಂದೆ ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಆ ತಂದೆಯನ್ನು ಸಂತೈಸುವ ಮಾತು ಯಾವ ಭಾಷೆಯಲ್ಲಿಯೂ ಇಲ್ಲ. ಟ್ರ್ಯಾಕ್ಟರಿನಲ್ಲಿ ಇರುವುದು ಒಂದೇ ಸೀಟು, ಅದು ಚಾಲಕನದು. ಎರಡನೆಯವರಿಗೆ ಅಲ್ಲಿ ಸ್ಥಾನವಿಲ್ಲ, ಅದು ಮಗುವಾಗಲಿ, ನೆಂಟನಾಗಲಿ. ಕೂಲಿಯಾಳುಗಳನ್ನೂ ದಿಬ್ಬಣದವರನ್ನೂ ಟ್ರಾಲಿಯಲ್ಲಿ ತುಂಬಿ ಒಯ್ಯುವುದೂ ಇದೇ ಸಾಲಿಗೆ ಸೇರಿದ ಅಪರಾಧ.

ಅನಾಹುತ ನಡೆದುಹೋದರೆ

ಎಷ್ಟು ಎಚ್ಚರದಿಂದಿದ್ದರೂ ಅವಘಡ ಸಂಭವಿಸಬಹುದು. ಆಗ ಮೊದಲು ಮಾಡಬೇಕಾದುದು ಯಂತ್ರವನ್ನು ನಿಲ್ಲಿಸುವುದು. ಆದುದರಿಂದ ಚಾಲಕನಲ್ಲದೆ ಮನೆಯ ಪ್ರತಿಯೊಬ್ಬರೂ, ಅಡುಗೆಮನೆಯ ತಾಯಿಯೂ ಸೇರಿ, ಯಂತ್ರವನ್ನು ನಿಲ್ಲಿಸುವ ಗುಂಡಿಯೋ ಹಿಡಿಯೋ ಎಲ್ಲಿದೆಯೆಂದು ತಿಳಿದಿರಬೇಕು. ರಕ್ತ ಸುರಿಯುತ್ತಿರುವ ಗಾಯದ ಮೇಲೆ ಶುಭ್ರವಾದ ಬಟ್ಟೆಯಿಟ್ಟು ಬಲವಾಗಿ ಒತ್ತಿ ಹಿಡಿಯಬೇಕು. ಕಾಫಿಪುಡಿ, ಅರಸಿನ, ಸುಣ್ಣ ಯಾವುದನ್ನೂ ಹಚ್ಚಬಾರದು. ಬೆರಳೋ ಕೈಯೋ ತುಂಡಾಗಿದ್ದರೆ ಆ ತುಂಡನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ನೀರು ಸೋರದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನ ಇನ್ನೊಂದು ಚೀಲದಲ್ಲಿ ಇಡಬೇಕು. ತುಂಡಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು. ಹೀಗೆ ಬೇಗನೆ ಒಯ್ದರೆ ಅದನ್ನು ಮರಳಿ ಜೋಡಿಸುವ ಶಸ್ತ್ರಚಿಕಿತ್ಸೆಗೆ ಅವಕಾಶವಿರುತ್ತದೆ. ಕರ್ನಾಟಕದಲ್ಲಿ 2008ರಿಂದ 108 ಸಂಖ್ಯೆಯ ಆಂಬುಲೆನ್ಸ್ ಸೇವೆಯಿದೆ. ಆ ಸಂಖ್ಯೆಯನ್ನು ಯಂತ್ರವಿಡುವ ಕೊಟ್ಟಿಗೆಯ ಗೋಡೆಯಲ್ಲಿ ದೊಡ್ಡದಾಗಿ ಬರೆದಿಟ್ಟರೆ ಗಾಬರಿಯ ಹೊತ್ತಿನಲ್ಲಿ ಹುಡುಕಬೇಕಾಗಿಲ್ಲ.

ನಮ್ಮ ಕುಟುಂಬಗಳಲ್ಲಿ ಸಂಜೆ ಎಲ್ಲರೂ ಒಟ್ಟಾಗಿ ಕೂರುವ ಪದ್ಧತಿ ಇನ್ನೂ ಅಳಿದಿಲ್ಲ. ಅಂತಹ ಒಂದು ಸಂಜೆ ಈ ವಿಷಯವನ್ನು ಮನೆಯಲ್ಲಿ ಎತ್ತೋಣ. ಮೂರೇ ಮೂರು ಮಾತುಗಳಲ್ಲಿ ಒಪ್ಪಂದಕ್ಕೆ ಬರೋಣ. ಎಂಜಿನು ಅಥವಾ ಸ್ವಿಚ್ಚು ಆರಿಸದೆ ಯಾರೂ ಯಂತ್ರಕ್ಕೆ ಕೈ ಹಾಕಬಾರದು. ಮುಚ್ಚಳವಿಲ್ಲದ ಯಂತ್ರವನ್ನು ಯಾರೂ ಓಡಿಸಬಾರದು, ಕೆಲಸದವರಿಂದಲೂ ಓಡಿಸಬಾರದು. ಚಾಲಕನ ಹೊರತು ಯಾರೂ ಟ್ರ್ಯಾಕ್ಟರ್ ಏರಬಾರದು. ಈ ಮೂರಕ್ಕೂ ಹಣದ ಖರ್ಚಿಲ್ಲ.

ಮೊನ್ನೆ ನಾವು ಮತ್ತೆ ಆ ಮನೆಗೆ ಹೋಗಿದ್ದೆವು. ಗೃಹಿಣಿಯು ಎಡಗೈಯಿಂದ ಚಹಾ ತಂದಿತ್ತರು. ಹಟ್ಟಿಯಲ್ಲಿ ಯಂತ್ರವು ಅದೇ ಜಾಗದಲ್ಲಿತ್ತು. ಮುಚ್ಚಳವು ಅದರ ಮೇಲೆ ಭದ್ರವಾಗಿ ಕುಳಿತಿತ್ತು. ಗೋಡೆಯ ಮೊಳೆ ಬರಿದಾಗಿತ್ತು. "ಹುಲ್ಲು ಸ್ವಲ್ಪ ನಿಧಾನ ಹೋಗುತ್ತದೆ, ಅಷ್ಟೆ," ಎಂದರು ಮನೆಯ ಯಜಮಾನರು. ಆ ಮಾತನ್ನು ಅವರು ಕಲಿತುದಕ್ಕೆ ತೆತ್ತ ಬೆಲೆಯನ್ನು ಮತ್ತೊಂದು ಮನೆಯು ತೆರಬೇಕಾಗಿಲ್ಲ. ಇಂದೇ ನಮ್ಮ ನಮ್ಮ ಹಟ್ಟಿ ಕೊಟ್ಟಿಗೆಗಳಿಗೆ ಹೋಗಿ ಗೋಡೆಯ ಮೊಳೆಗಳನ್ನು ನೋಡೋಣ.